ಹದಿನಾಲ್ಕನೇ ನಂಬರಿನ ಜಾಬ್

ಕಬ್ಬಿಣದ ತುಂಡು ಮೂರು ಕೈ ದಾಟಿ ಶೈಲಾಳ ಮುಂದೆ ಬಂದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಎಣ್ಣಿ ಅದ ಇದಕ್ಕ. ಸ್ಕರ್ಟಿಗಿ ಹತ್ತಿದ್ರ ಮಮ್ಮಿ ಬಯ್ತಾಳ. ಎಲ್ಲಿಂದ ತಂದಿ, ರದ್ದಿ ಅಂಗಡ್ಯಾಗಿಂದೇನು?"

ಸುತ್ತ ನಿಂತ ಹುಡುಗಿಯರು ನಕ್ಕರು. ಮಾಯಾ ನಗಲಿಲ್ಲ.

"ನಮ್ಮ ಅಕ್ಕ ಮಾಡ್ಯಾಳ," ಅಂದಳು. "ಕೈಲೆ ಮಾಡ್ಯಾಳ. ಹದಿನೆಂಟ ದಿನ ಹಿಡದದ."

ಅಂದು ಶನಿವಾರ, ಬೆಳಗಿನ ಶಾಲೆ. ಒಂಬತ್ತೂವರೆಗೆ ಸಣ್ಣ ಸೂಟಿ ಬಿಟ್ಟಿತ್ತು. ಐದನೆಯ ಇಯತ್ತೆಯ ಹುಡುಗಿಯರು ನಲ್ಲಿಯ ಕಟ್ಟೆಯ ಹತ್ತಿರ ಸೇರಿದ್ದರು. ಶಾಲೆ ಮರಾಠಿಯದು. ಆದರೆ ಮಾಯಾ ಮತ್ತು ಶೈಲಾ ಇಬ್ಬರ ಮನೆಯಲ್ಲೂ ಕನ್ನಡ. ಅವರು ಜಗಳವನ್ನು ಕನ್ನಡದಲ್ಲಿ ಆಡಿ, ಉಳಿದವರಿಗೆ ಬೇಕಾದಷ್ಟನ್ನು ಮರಾಠಿಯಲ್ಲಿ ಹೇಳುತ್ತಿದ್ದರು.

ಶೈಲಾಳ ತಂದೆ ತಳೇಗಾಂವ ದಾಭಾಡೆಯ ಒಂದು ಕಂಪನಿಯ ಆಫೀಸಿನಲ್ಲಿ ಕ್ಲಾರ್ಕ್. ಮಾಯಾಳ ಅವ್ವ ಸಾಬವ್ವ ಕಾಲನಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅದರಲ್ಲಿ ಶೈಲಾಳ ಮನೆಯೂ ಒಂದು.

ಜಗಳ ಶುರುವಾದದ್ದು ಗುರುವಾರ. ತನ್ನ ಅಕ್ಕ ಇನ್ನು ಮೇಲೆ ಕಂಪನಿಗೆ ಹೋಗುತ್ತಾಳೆ ಎಂದು ಮಾಯಾ ಹೇಳಿದ್ದಳು. ಶೈಲಾ ಸ್ವಲ್ಪ ಯೋಚಿಸಿದ್ದಳು. ಕಂಪನಿಯ ವಿಷಯ ತನಗೆ ಚೆನ್ನಾಗಿ ಗೊತ್ತು, ಅಲ್ಲಿ ಹೆಂಗಸರು ಒಂದೋ ಆಫೀಸಿನಲ್ಲಿ ಟೈಪ್ ಮಾಡುತ್ತಾರೆ, ಇಲ್ಲ ಕಸ ಹೊಡೆಯುತ್ತಾರೆ, ನಿಮ್ಮಕ್ಕನಿಗೆ ಟೈಪಿಂಗ್ ಬರುತ್ತದೆಯೇ ಎಂದು ಕೇಳಿದ್ದಳು. ಅವಳು ಅದನ್ನು ಸಿಟ್ಟಿನಿಂದ ಕೇಳಿರಲಿಲ್ಲ. ಅದಕ್ಕೇ ಅದು ಮಾಯಾಳಿಗೆ ಹೆಚ್ಚು ಚುಚ್ಚಿತ್ತು.

ಅಕ್ಕ ಸುಮಂಗಲಾಳಿಗೆ ಟೈಪಿಂಗ್ ಬರುತ್ತಿರಲಿಲ್ಲ. ಹತ್ತನೆಯ ಇಯತ್ತೆ ಮುಗಿಸಿ ಅವಳು ಫಿಟ್ಟರ್ ಕೋರ್ಸಿಗೆ ಸೇರಿದ್ದಳು. ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಕೂಡಿಸುವ ಕೆಲಸ ಅದು. ಮೊದಲ ಎರಡು ತಿಂಗಳು ಟ್ರೇನಿಂಗ್ ಸೆಂಟರಿನಲ್ಲಿ ಪಾಠ ಮತ್ತು ವರ್ಕ್‌ಶಾಪ್. ಆಮೇಲೆ ವಾರಕ್ಕೆ ನಾಲ್ಕು ದಿನ ಸೆಂಟರು, ಎರಡು ದಿನ ಕಂಪನಿ. ಎರಡು ವರ್ಷ ಮುಗಿದರೆ ಸರ್ಟಿಫಿಕೇಟು. ಇಪ್ಪತ್ತು ಜನರಲ್ಲಿ ಹುಡುಗಿಯರು ಇಬ್ಬರೇ.

ಕಂಪನಿಗೆ ಹೋಗುವ ಮೊದಲು ಪ್ರತಿಯೊಬ್ಬರೂ ಒಂದು ಕಬ್ಬಿಣದ ತುಂಡನ್ನು ಫೈಲಿನಿಂದ, ಅಂದರೆ ಅರದಿಂದ, ಉಜ್ಜಿ ಉಜ್ಜಿ ಆರೂ ಮುಖ ಸಮ ಮಾಡಬೇಕಿತ್ತು. ಅದಕ್ಕೆ ಅಲ್ಲಿ ಜಾಬ್ ಎನ್ನುತ್ತಾರೆ. ಸೋಮವಾರ ಜಾಬ್ ತಪಾಸಣೆ. ಪಾಸಾದವರು ಬುಧವಾರದಿಂದ ಕಂಪನಿಗೆ. ಆಗದವರು ದೀಪಾವಳಿ ಮುಗಿಯುವ ತನಕ ಸೆಂಟರಿನಲ್ಲೇ.

ಈ ಜಾಬು ಮನೆಗೆ ಬಂದದ್ದು ಶುಕ್ರವಾರ ಸಂಜೆ. ಅಪ್ಪ ಕಾಶಪ್ಪನಿಗೆ ತೋರಿಸಬೇಕೆಂದು ಅಕ್ಕ ತಂದಿದ್ದಳು. ಅಪ್ಪ ಸೆಂಟ್ರಿಂಗ್ ಕೆಲಸದವನು. ಹಿಂಜವಾಡಿಯಲ್ಲಿ ದೊಡ್ಡ ಕಟ್ಟಡದ ಸ್ಲ್ಯಾಬು ನಡೆದಿತ್ತು. ಭಾನುವಾರದ ತನಕ ಸೈಟಿನಲ್ಲೇ ಇರುತ್ತೇನೆಂದು ಅವನು ಯಾರದೋ ಕೈಯಲ್ಲಿ ಹೇಳಿ ಕಳಿಸಿದ್ದ. ಅಕ್ಕ ಜಾಬನ್ನು ಎಣ್ಣೆ ಹಚ್ಚಿದ ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಅಪ್ಪ ಬರುವ ತನಕ ಯಾರೂ ಬಿಚ್ಚಬಾರದು ಎಂದಳು.

ಮಾಯಾ ಶನಿವಾರ ಬೆಳಿಗ್ಗೆ ಅದನ್ನು ಚೀಲದಲ್ಲಿ ಊಟದ ಡಬ್ಬಿಯ ಕೆಳಗಿಟ್ಟುಕೊಂಡು ಶಾಲೆಗೆ ತಂದಿದ್ದಳು. ತೋರಿಸಿ ವಾಪಸ್ ಇಟ್ಟರಾಯಿತು ಎಂದುಕೊಂಡಿದ್ದಳು.

ಈಗ ಶೈಲಾ ಅದನ್ನು ಮುಟ್ಟಲೂ ಒಲ್ಲಳು.

ಮಾಯಾ ತುಂಡನ್ನು ನೋಡಿದಳು. ಸ್ನಾನದ ಸಾಬೂನಿನಷ್ಟು ದೊಡ್ಡದು. ಮೇಲೆ ಕಪ್ಪಗೆ ಜಿಡ್ಡು. ಒಂದು ಮೂಲೆಯಲ್ಲಿ ೧೪ ಎಂದು ಹೊಡೆದಿತ್ತು, ಅದು ಅಕ್ಕನ ನಂಬರು. ಜಿಡ್ಡಿನಲ್ಲಿ ನಂಬರೂ ಸರಿಯಾಗಿ ಕಾಣುತ್ತಿರಲಿಲ್ಲ.

"ನಿನ್ನ ಕಡೆ ಹುಣಸಿಹಣ್ಣ ಅದ ಇಲ್ಲೋ?" ಎಂದು ಅವಳು ಶೈಲಾಳನ್ನು ಕೇಳಿದಳು.

ಇತ್ತು. ಗೇಟಿನ ಹೊರಗಿನ ಅಜ್ಜಿ ಉಪ್ಪು ಹಚ್ಚಿ ಮಾರುವ ಹುಣಸೆಹಣ್ಣು ಎಲ್ಲರ ಹತ್ತಿರವೂ ಇರುತ್ತಿತ್ತು. ಶೈಲಾ ತಿಂದು ಉಳಿದದ್ದನ್ನು ಕೊಟ್ಟಳು.

"ನಿಮ್ಮ ಮನಿ ತಾಮ್ರದ ಕೊಡಾ ನಮ್ಮವ್ವ ಹೆಂಗ ಬೆಳಗತಾಳ, ನೋಡೀಯಿಲ್ಲೋ?" ಅಂದಳು ಮಾಯಾ. "ಹಂಗ ಮಾಡತೀನಿ, ನೋಡು."

ಅವಳಿಗೆ ಆ ಕೆಲಸ ಗೊತ್ತಿತ್ತು. ರಜೆ ಇದ್ದಾಗ ಅವ್ವನ ಜೊತೆ ಹೋಗಿ ಮಾಡಿದ್ದಳು. ಮೊದಲು ಕಟ್ಟೆಯ ಬುಡದ ಮಣ್ಣು ಹಚ್ಚಿ ಜಿಡ್ಡು ತೆಗೆದಳು. ಆಮೇಲೆ ಹುಣಸೆಹಣ್ಣು ಹಚ್ಚಿ ಬೆರಳ ತುದಿ ನೋಯುವ ತನಕ ತಿಕ್ಕಿದಳು. ಮೂಲೆಗಳನ್ನು ಇನ್ನಷ್ಟು ತಿಕ್ಕಿದಳು. ನಲ್ಲಿ ಬಿಟ್ಟು ತೊಳೆದಾಗ ಕಬ್ಬಿಣ ಹೊಸ ರೂಪಾಯಿಯ ಹಾಗೆ ಬೆಳ್ಳಗಾಗಿತ್ತು.

ಶೈಲಾ ಎರಡೂ ಕೈ ಚಾಚಿದಳು. ತುಂಡನ್ನು ಹಿಂದೆ ಮುಂದೆ ತಿರುಗಿಸಿದಳು. ಮುಖದ ಹತ್ತಿರ ಹಿಡಿದು ನೋಡಿಕೊಂಡಳು, ಮೂಸಿದಳು. ಅಂಚಿನ ಮೇಲೆ ಬೆರಳೆಳೆದಳು.

"ಖರೇನ ಕೈಲೆ ಮಾಡ್ಯಾಳ?"

"ಖರೇನ."

ಶೈಲಾ ತುಂಡನ್ನು ಪಕ್ಕದವಳ ಕೈಗೆ ಕೊಟ್ಟಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಿಡಿದು ನೋಡಿದರು. ಗಂಟೆ ಹೊಡೆಯಿತು. ಮಾಯಾ ತುಂಡನ್ನು ಸ್ಕರ್ಟಿಗೆ ಒರೆಸಿ ಚೀಲದೊಳಗೆ ಹಾಕಿದಳು. ಎಣ್ಣೆಯ ಕಾಗದ ಹರಿದು ಹೋಗಿತ್ತು. ಅದನ್ನು ಎಸೆದು, ಮನೆಗೆ ಬಂದ ಮೇಲೆ ತುಂಡನ್ನು ಹಳೆಯ ಪೇಪರಿನ ಒಣ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಟ್ರಂಕಿನಲ್ಲಿಟ್ಟಳು. ಹೇಳದೆ ಒಯ್ದದ್ದು ತಪ್ಪು ಎಂದು ಅವಳಿಗೆ ಅನಿಸಿತ್ತು. ಆದರೆ ಅಪ್ಪ ಅದನ್ನು ಜಿಡ್ಡಿಲ್ಲದೆ ನೋಡುತ್ತಾನಲ್ಲ ಎಂಬ ಸಮಾಧಾನವೂ ಇತ್ತು.

ಭಾನುವಾರ ಸಂಜೆ ಕಾಶಪ್ಪ ಬಂದ. ಕೈಕಾಲು ತೊಳೆದು, ಚಹಾ ಕುಡಿದು, ಗೋಡೆಗೆ ಒರಗಿ ಕುಳಿತ. ಅವನ ಉಗುರಿನ ಸುತ್ತ ಸಿಮೆಂಟು ಇನ್ನೂ ಇತ್ತು. ಅಕ್ಕ ಟ್ರಂಕು ತೆರೆದಳು.

ಎರಡು ತಿಂಗಳಿನಿಂದ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ. ಕಬ್ಬಿಣ ತಿಕ್ಕಲು ಶಾಲೆ ಯಾಕೆ ಬೇಕು? ಅವನಿಗೆ ಅಕ್ಕ ಓದುವುದು ಬೇಡವಾಗಿರಲಿಲ್ಲ. ಇದು ಓದೋ ಅಲ್ಲವೋ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಊರಿನವರು ಕೇಳಿದರೆ, ಮಗಳು ಏನೋ ಕಲಿಯುತ್ತಾಳೆ ಎನ್ನುತ್ತಿದ್ದ.

ಅಕ್ಕ ಪೊಟ್ಟಣ ಕೈಗೆತ್ತಿಕೊಂಡು ಒಂದು ಕ್ಷಣ ನಿಂತಳು. ಕಾಗದ ಬೇರೆಯದು ಎಂದು ಅವಳಿಗೆ ಗೊತ್ತಾಯಿತು. ಬಿಚ್ಚಿದಳು.

ಕಬ್ಬಿಣ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಒಂದು ಮುಖಕ್ಕೆ ಪೇಪರು ಅಂಟಿಕೊಂಡಿತ್ತು. ಉಳಿದ ಮುಖಗಳ ಮೇಲೆ ಬೆರಳ ಗುರುತುಗಳು ಮೂಡಿದ್ದವು. ಸಣ್ಣ ಸಣ್ಣ ಬೆರಳುಗಳು, ಒಂದರ ಪಕ್ಕ ಒಂದು, ತುಕ್ಕಿನಲ್ಲಿ ಬರೆದ ಹಾಗೆ. ಅಕ್ಕ ತನ್ನ ಹೆಬ್ಬೆರಳನ್ನು ಒಂದು ಗುರುತಿನ ಪಕ್ಕ ಹಿಡಿದಳು. ಅವಳ ಬೆರಳು ದೊಡ್ಡದಿತ್ತು. ತಲೆಯೆತ್ತಿ ಮಾಯಾಳ ಕಡೆ ನೋಡಿದಳು. ಮಾಯಾ ನೆಲ ನೋಡಿದಳು.

"ತಾ ಇಲ್ಲಿ," ಅಂದ ಕಾಶಪ್ಪ. ಕೈಯಲ್ಲಿ ಹಿಡಿದು ತೂಗಿ ನೋಡಿದ. "ನೀ ಮಾಡಿದ್ದು ಇದ ಏನು?"

"ಹೂಂ. ಆದ್ರ ತುಕ್ಕು ಹಿಡದದಪ್ಪಾ."

"ಕಬ್ಬಿಣ ಅಂದಮ್ಯಾಲ ತುಕ್ಕು ಇರೂದ. ನಮ್ಮ ಸೈಟಿನ್ಯಾಗ ಎಲ್ಲಾ ಸಳಿಗೂ ಇರತದ. ಹಂಗ ಸ್ಲ್ಯಾಬ್ ಹಾಕತೀವಿ, ಏನೂ ಆಗೂದಿಲ್ಲ." ಅವನು ಅವಳನ್ನು ಸಮಾಧಾನ ಮಾಡುತ್ತಿದ್ದ. ಆಮೇಲೆ ನಿಜವಾಗಿಯೂ ತಿಳಿಯಬೇಕೆಂದು ಕೇಳಿದ, "ಇದಕ್ಕ ಹದಿನೆಂಟ ದಿನ ಬೇಕಾತೇನು?"

ಅಕ್ಕ ಹೌದೆಂದಳು. ತುಂಡನ್ನು ವಾಪಸ್ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು.

ಮಾಯಾ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಹೋಗಿ ಎಲ್ಲವನ್ನೂ ಹೇಳಿದಳು. ಟ್ರಂಕು, ಡಬ್ಬಿ, ನಲ್ಲಿ, ಹುಣಸೆಹಣ್ಣು, ಯಾರು ಯಾರು ಹಿಡಿದರು ಎಂಬುದು. ಹೇಳುವಾಗ ಅಕ್ಕ ಬಯ್ಯುವುದನ್ನು ಕಾಯುತ್ತಿದ್ದಳು. ಅಕ್ಕ ಕೊನೆಯ ತನಕ ಕೇಳಿ ಒಂದೇ ಮಾತು ಕೇಳಿದಳು.

"ಎಣ್ಣಿ ಯಾಕ ಹಚ್ಚಿದ್ದೆ ಅಂತ ತಿಳಕೊಂಡಿದ್ದಿ?"

"ಹೊಲಸು ಅಂತ ತಿಳಕೊಂಡಿದ್ದೆ."

ಅಕ್ಕ ನಕ್ಕಂತೆ ಮಾಡಿದಳು, ಆದರೆ ನಗು ಬರಲಿಲ್ಲ. ಕಬ್ಬಿಣಕ್ಕೆ ನೀರು, ಹುಳಿ, ಬೆವರು ತಾಗಬಾರದು, ಅದಕ್ಕೇ ಎಣ್ಣೆ ಎಂದು ಹೇಳಿದಳು. ನಾಳೆ ನಾನೂ ಸೆಂಟರಿಗೆ ಬರುತ್ತೇನೆ, ತಪ್ಪು ನನ್ನದೆಂದು ನಾನೇ ನಿಮ್ಮ ಸರ್‌ಗೆ ಹೇಳುತ್ತೇನೆ ಎಂದಳು ಮಾಯಾ.

ಸೋಮವಾರ ಮಾಯಾಳ ಶಾಲೆ ಹನ್ನೊಂದಕ್ಕೆ. ಸೆಂಟರು ಎಂಟಕ್ಕೇ. ಅವಳು ಅಕ್ಕನ ಜೊತೆ ಹೊರಟಳು. ದಾರಿಯುದ್ದಕ್ಕೂ ಮಾಯಾ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಮನಸ್ಸಿನಲ್ಲೇ ಜೋಡಿಸಿದಳು. ಸರ್, ಇದು ನನ್ನ ತಪ್ಪು, ಅಕ್ಕನಿಗೆ ಗೊತ್ತಿರಲಿಲ್ಲ, ದಯವಿಟ್ಟು ಅವಳನ್ನು ಕಂಪನಿಗೆ ಕಳಿಸಿ. ಮೂರು ಸಲ ಹೇಳಿಕೊಂಡ ಮೇಲೆ ಕೊನೆಯ ಭಾಗ ಸರಿಯಿದೆಯೋ ಇಲ್ಲವೋ ಎಂದು ಅನುಮಾನ ಬಂತು. ಅದನ್ನು ಬಿಟ್ಟು ಮತ್ತೆ ಹೇಳಿಕೊಂಡಳು.

ವರ್ಕ್‌ಶಾಪ್ ಉದ್ದನೆಯ ತಗಡಿನ ಶೆಡ್ಡು. ಎರಡು ಸಾಲು ಮೇಜು. ಪ್ರತಿ ಮೇಜಿಗೂ ಕಬ್ಬಿಣ ಹಿಡಿದಿಡುವ ವೈಸ್ ಬಿಗಿದಿತ್ತು. ಅಕ್ಕನ ಬ್ಯಾಚಿನವರು ತಮ್ಮ ತಮ್ಮ ಜಾಬು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಜಾಬಿನ ಮೇಲೂ ಎಣ್ಣೆ ಇತ್ತು.

ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡು. ಮಾಯಾಳಿಗೆ ಮರಾಠಿ ಓದುವುದು ಸುಲಭ. ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು. ಜಡೆ ಬಿಡಬಾರದು. ಜಾಬನ್ನು ಸೆಂಟರಿನ ಹೊರಗೆ ಒಯ್ಯಬಾರದು.

ಮೂರನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಆಮೇಲೆ ಅಕ್ಕನ ಬೆನ್ನು ನೋಡಿದಳು.

ಜಾಬ್ ತಪಾಸಣೆ ಮಾಡುತ್ತಿದ್ದ ಅಂಬಾದಾಸ ಸರ್ ಸೊಲ್ಲಾಪುರದ ಕನ್ನಡದವರು. ಎಲ್ಲರೊಡನೆ ಮರಾಠಿ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಸುಮಂಗಲಾಳೊಡನೆ ಕನ್ನಡಕ್ಕೆ ಇಳಿಯುತ್ತಿದ್ದರು. ಅಕ್ಕ ಹಿಂದೆ ಇದನ್ನು ಮನೆಯಲ್ಲಿ ನಕ್ಕು ಹೇಳಿದ್ದಳು. ಅವಳ ಸರದಿ ಬಂದಾಗ ಅವರು ಜಾಬನ್ನು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಏನಿದು?" ಎಂದು ಕನ್ನಡದಲ್ಲಿ ಕೇಳಿದರು.

ಮಾಯಾ ಮುಂದೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು.

"ಮನಿಗಿ ಒಯ್ದಿದ್ದೆ ಸರ್. ಅಲ್ಲಿ ನೀರು ತಾಗೇದ."

"ಬೋರ್ಡ್ ಓದಿಲ್ಲೇನು?"

"ಓದೀನ್ರಿ."

"ಗೇಟಿನ್ಯಾಗ ಚೀಲಾ ನೋಡತಾರ. ಹೆಂಗ ಒಯ್ದಿ?"

"ಡಬ್ಬಿ ಕೆಳಗ ಇಟ್ಕೊಂಡು ಒಯ್ದೆ, ಸರ್."

ಸಾಲಿನಲ್ಲಿ ಯಾರೋ ನಕ್ಕರು. ಸರ್ ಆ ಕಡೆ ನೋಡಿದ ಮೇಲೆ ಸುಮ್ಮನಾದರು.

"ಯಾಕ?"

"ನಮ್ಮಪ್ಪಗ ತೋರಸಬೇಕಾಗಿತ್ರಿ."

ಮಾಯಾ ಜೋಡಿಸಿಕೊಂಡು ಬಂದ ಮರಾಠಿ ಮಾತು ಅಲ್ಲೇ ನಿಂತಿತು. ಅವಳು ಕನ್ನಡದಲ್ಲೇ, ತೊಳೆದವಳು ತಾನು ಎಂದು ಹೇಳಿದಳು. ಸರ್ ಅವಳನ್ನು ಈಗಷ್ಟೇ ನೋಡಿದವರ ಹಾಗೆ ನೋಡಿದರು. ಯಾರು ಎಂದು ಕೇಳಿ, ತಂಗಿ ಎಂದು ತಿಳಿದು, ಯಾತರಿಂದ ತೊಳೆದೆ ಎಂದರು. ಹುಣಸೆಹಣ್ಣು ಎಂದಾಗ ಅವರ ಮೀಸೆಯ ತುದಿ ಸ್ವಲ್ಪ ಅಲ್ಲಾಡಿತು. ಆದರೆ ಅವರು ನಗಲಿಲ್ಲ.

ಸರ್ ಜಾಬನ್ನು ಮೇಜಿಗೆ ಒಯ್ದು ಎಣ್ಣೆ ಹಾಕಿ, ನುಣುಪಾದ ಪಾಲಿಶ್ ಕಾಗದದಿಂದ ಉಜ್ಜಿದರು. ಕಿತ್ತಳೆ ಬಣ್ಣ ಹೋಯಿತು. ಮಾಯಾಳಿಗೆ ಒಂದು ಕ್ಷಣ ಜೀವ ಬಂದ ಹಾಗಾಯಿತು. ಸರ್ ಉಕ್ಕಿನ ಗುಣ್ಯಾ ತೆಗೆದುಕೊಂಡರು. ಮೂಲೆ ನೇರವಿದೆಯೋ ಇಲ್ಲವೋ ನೋಡುವ, ಇಂಗ್ಲಿಷಿನ ಎಲ್ ಅಕ್ಷರದಂಥ ಪಟ್ಟಿ ಅದು. ಅದನ್ನು ಜಾಬಿಗೆ ತಾಗಿಸಿ, ಎರಡನ್ನೂ ಕಿಟಕಿಯ ಕಡೆ ಎತ್ತಿ ಹಿಡಿದರು.

"ಇಲ್ಲಿ ಬಾ," ಅಂದರು ಮಾಯಾಳಿಗೆ. "ನಡಕ ಬೆಳಕು ಕಾಣತದೇನು?"

ಕಾಣುತ್ತಿತ್ತು. ಪಟ್ಟಿ ಮತ್ತು ಕಬ್ಬಿಣದ ನಡುವೆ ಕೂದಲಿನಷ್ಟು ಬೆಳಕಿನ ಗೆರೆ. ಮೂಲೆಯಲ್ಲಿ, ಅವಳು ಮಣ್ಣು ಹಚ್ಚಿ ಎಲ್ಲಕ್ಕಿಂತ ಜಾಸ್ತಿ ತಿಕ್ಕಿದ ಕಡೆ, ಗೆರೆ ಇನ್ನೂ ದಪ್ಪವಾಗಿತ್ತು. ತುಕ್ಕು ತಿಂದ ಕಡೆ ಚುಕ್ಕಿ ಚುಕ್ಕಿ ಕುಳಿಗಳು ಬಿದ್ದಿದ್ದವು.

"ಶುಕ್ರವಾರ ನಾ ಇದನ್ನ ನೋಡಿದ್ದೆ," ಅಂದರು ಸರ್. "ಬೆಳಕು ಬರತಿರಲಿಲ್ಲ."

ಅದನ್ನು ಸರಿ ಮಾಡಲು ಆಗುವುದಿಲ್ಲವೇ ಎಂದು ಮಾಯಾ ಕೇಳಿದಳು. ಮಾಡಬಹುದು, ಆದರೆ ಕುಳಿ ಹೋಗುವ ತನಕ ಉಜ್ಜಿದರೆ ಅಳತೆ ಕಡಿಮೆಯಾಗುತ್ತದೆ ಎಂದು ಅವರು ವಿವರಿಸಿದರು. ಕಡಿಮೆಯಾದದ್ದನ್ನು ಹೆಚ್ಚು ಮಾಡುವ ಫೈಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದರು. ಆಮೇಲೆ ಅಕ್ಕನ ಡೈರಿ ತೆರೆದು, ೧೪–೯–೯೮ ಎಂದು ತಾರೀಖು ಹಾಕಿ ಎರಡು ಸಾಲು ಬರೆದು ಸಹಿ ಮಾಡಿದರು. ಜಾಬು ನಾಮಂಜೂರು. ಮುಂದಿನ ತಪಾಸಣೆ ದೀಪಾವಳಿಯ ನಂತರ.

ಅಕ್ಕ ಡೈರಿ ತೆಗೆದುಕೊಂಡಳು. ಥ್ಯಾಂಕ್ಯೂ ಸರ್ ಎಂದಳು. ಯಾವುದಕ್ಕೆ ಎಂದು ಮಾಯಾಳಿಗೆ ತಿಳಿಯಲಿಲ್ಲ.

ಒಟ್ಟು ಹದಿನೇಳು ಜನ ಪಾಸಾದರು. ಅವರಿಗೆ ಕಂಪನಿಯ ಗೇಟ್ ಪಾಸಿಗೆ ಫೋಟೋ ಕೊಡಲು ಹೇಳಿದರು. ಅವರು ಮಾತಾಡುತ್ತ ಆಫೀಸಿನ ಕಡೆ ಹೋದರು. ಅಕ್ಕನ ಜೊತೆಯ ಹುಡುಗಿಯೂ ಹೋದಳು. ಹೋಗುವಾಗ ಅಕ್ಕನ ಭುಜ ಮುಟ್ಟಿ ಹೋದಳು.

ಅಕ್ಕ ಸ್ಟೋರಿಗೆ ಹೋಗಿ ಹೊಸ ತುಂಡು ತಂದಳು. ಅದು ಕರ್ರಗೆ, ಒರಟಾಗಿ, ಗರಗಸದಿಂದ ಕೊಯ್ದ ಗುರುತುಗಳೊಡನೆ ಇತ್ತು. ಹತ್ತು ಗಂಟೆಯ ತನಕ ಕೂರಬಹುದು, ಆಮೇಲೆ ಶಾಲೆಗೆ ಹೋಗಬೇಕು ಎಂದು ಸರ್ ಮಾಯಾಳಿಗೆ ಸ್ಟೂಲು ಕೊಟ್ಟಿದ್ದರು.

ಅಕ್ಕ ತುಂಡನ್ನು ವೈಸಿನಲ್ಲಿ ಬಿಗಿದಳು. ಜಡೆಯನ್ನು ಅಂಗಿಯ ಒಳಗೆ ಹಾಕಿಕೊಂಡಳು. ಕಾಲು ಮುಂದೊಂದು ಹಿಂದೊಂದು ಇಟ್ಟು, ಉದ್ದನೆಯ ಫೈಲು ಹಿಡಿದು ಮುಂದಕ್ಕೆ ನೂಕಿದಳು. ಮುಂದಕ್ಕೆ ಹೋಗುವಾಗ ಮಾತ್ರ ಭಾರ, ಹಿಂದಕ್ಕೆ ಬರುವಾಗ ಹಗುರ. ಮಾಯಾ ಎಣಿಸತೊಡಗಿದಳು.

ಎಣಿಸುತ್ತ ಅವಳ ಕಣ್ಣು ಮತ್ತೆ ಬೋರ್ಡಿನ ಕಡೆ ಹೋಯಿತು. ಅಕ್ಕ ರಸ್ತೆ ಖಾಲಿ ಇದ್ದರೂ ಎರಡೂ ಕಡೆ ನೋಡಿಯೇ ದಾಟುವವಳು. ನೋಟುಬುಕ್ಕಿನ ಮಾರ್ಜಿನ್ನಿನಲ್ಲಿ ಒಂದಕ್ಷರ ಬರೆದವಳಲ್ಲ. ಅಂಥವಳು ಎರಡು ತಿಂಗಳು ದಿನಾ ಈ ಬೋರ್ಡಿನ ಮುಂದೆ ಬಂದು ಹೋಗಿ, ಶುಕ್ರವಾರ ಜಾಬನ್ನು ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಳು. ಗೇಟು ದಾಟುವಾಗ ಅವಳ ಎದೆಯೂ ಹೊಡೆದುಕೊಂಡಿರಬೇಕು. ಶನಿವಾರ ಶಾಲೆಯ ದಾರಿಯಲ್ಲಿ ಮಾಯಾಳ ಎದೆ ಹೊಡೆದುಕೊಂಡ ಹಾಗೆ.

ಅದು ಹೊಳೆದ ಮೇಲೆ ಮಾಯಾಳಿಗೆ ಎಣಿಕೆ ತಪ್ಪಿತು. ಇನ್ನೂರ ಎಪ್ಪತ್ತೋ ಎಂಬತ್ತೋ ಆಗಿತ್ತು. ಅವಳು ಇನ್ನೂರ ಎಪ್ಪತ್ತರಿಂದ ಮುಂದುವರಿಸಿದಳು.

ಮುನ್ನೂರ ನಲವತ್ತಕ್ಕೆ ಅಕ್ಕ ನಿಂತಳು. ಬ್ರಶ್ಶಿನಿಂದ ಪುಡಿ ಕೊಡವಿದಳು. ಮಾಯಾ ಸ್ಟೂಲಿನಿಂದ ಇಳಿದು ಬಂದು ನೋಡಿದಳು. ಮೇಲೆ ಒಂದು ಕಡೆ ಸ್ವಲ್ಪ ಬೆಳ್ಳಗಾಗಿತ್ತು. ಉಳಿದದ್ದೆಲ್ಲ ಮೊದಲಿದ್ದ ಹಾಗೇ ಇತ್ತು. ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ.

"ಮುಟ್ಟಿ ನೋಡು," ಅಂದಳು ಅಕ್ಕ.

ಮಾಯಾ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ಮುಟ್ಟು. ಇದಕ್ಕ ಈಗ ಏನೂ ಆಗೂದಿಲ್ಲ. ಇನ್ನೂ ಭಾಳ ಉಜ್ಜಿ ತಗಿಯೂದದ."

ಮಾಯಾ ಒಂದು ಬೆರಳು ಚಾಚಿ, ತುಂಡಿನ ಮೇಲೆ ಮೆಲ್ಲಗೆ ಇಟ್ಟಳು. ಕಬ್ಬಿಣ ತಣ್ಣಗಿರುತ್ತದೆ ಎಂದುಕೊಂಡಿದ್ದಳು. ಅದು ಬೆಚ್ಚಗಿತ್ತು.